ಸೀರೆಯ ಮೇಲಿನ ಕಲೆ

ನಮ್ಮ ತಾಯಿಯವರಿಗೆ ಈಗ ಎಂಬತ್ತೆರಡು ವರ್ಷ. ಅವರ ಮದುವೆಯ ಕಾಲಕ್ಕೆ ತವರಿನವರು ಉಡಿಸಿದ ಇಳಕಲ್ ಸೀರೆಯೊಂದು ಇಂದಿಗೂ ಅವರ ಟ್ರಂಕಿನಲ್ಲಿದೆ. ಕಡುನೀಲಿ ಮೈ, ಗೋಮಿ ದಡಿ, ಕೆಂಪು ರೇಷ್ಮೆಯ ತೋಪುತೆನೆ ಸೆರಗು. ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಅದು ಹೊರಗೆ ಬರುತ್ತದೆ. ಮಹಾಶಿವರಾತ್ರಿಯ ಜಾಗರಣೆಗೆ ಮಾತ್ರ ಅದು ತಪ್ಪದು. ೨೦೨೫ರ ಶಿವರಾತ್ರಿಯಂದೂ ಅದನ್ನೇ ಉಟ್ಟು ಅವರು ಪಡಸಾಲೆಯಲ್ಲಿ ಕುಳಿತಿದ್ದರು. ನಮ್ಮ ತಮ್ಮನ ಮಗಳು, ಆಗ ಪಿ.ಯು. ಎರಡನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದವಳು, ನಡುರಾತ್ರಿಯವರೆಗೆ ಎಚ್ಚರವಿದ್ದು ಆಮೇಲೆ ತನ್ನ ಆಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ರೆಹೋದಳು. ಆ ದೃಶ್ಯ ನಮ್ಮ ಕಣ್ಣ ಮುಂದೆ ಇಂದಿಗೂ ಇದೆ. ಏಕೆಂದರೆ ಮುಂದೆ ನಡೆದುದಕ್ಕೆಲ್ಲ ಅದೇ ಮೊದಲು.

ಮೂರನೆಯ ದಿನ ಸೀರೆ ಒಗೆದು ನೆರಳಿನಲ್ಲಿ ಒಣಗಿ ಮಡಿಕೆಗೆ ಬಂದಾಗ ಅದರ ಮೈಮೇಲೆ ಅಂಗೈಯಗಲದ ಎರಡು ಕಲೆಗಳು ಕಂಡವು. ಕಲೆ ಎನ್ನುವುದಕ್ಕಿಂತ ಬಣ್ಣವೇ ಹೋಗಿ ಮಾಸಲು ಬಿಳುಪು ಉಳಿದಿತ್ತು ಎಂದರೆ ಸರಿ. ತಾಯಿಯವರು ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕುಳಿತರು. ಬಳಿಕ, ಇಪ್ಪತ್ತು ವರ್ಷಗಳಿಂದ ನಮ್ಮ ಮನೆಯ ಬಟ್ಟೆ ಒಗೆಯುತ್ತ ಬಂದಿರುವ ಹೆಣ್ಣುಮಗಳನ್ನು ಕರೆದು, "ನನ್ನ ತವರಮನಿ ಸೀರಿಗೆ ಹಿಂಗ ಮಾಡಿದ್ಯಲ್ಲವ್ವ" ಎಂದಷ್ಟೇ ಅಂದರು. ಆಕೆ ಗಾಬರಿಯಾಗಿ, "ಇಲ್ಲರೀ ಅವ್ವಾರ, ನಾ ಅಂಟವಾಳ ಬಿಟ್ರ ಬ್ಯಾರೆ ಏನೂ ಮುಟ್ಟಿಸಿಲ್ರಿ" ಎಂದಳು.

ಈ ಮಾತು ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ನಾವು ಸುಮ್ಮನಿರಲಿಲ್ಲ. ಮೂವತ್ತೊಂದು ವರ್ಷ ಪಿ.ಯು. ತರಗತಿಗಳಿಗೆ ರಸಾಯನಶಾಸ್ತ್ರ ಬೋಧಿಸಿ ನಿವೃತ್ತರಾದವರು ನಾವು. ಮನೆಯಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿದರೂ, ತಾಮ್ರದ ಕೊಡ ಕಪ್ಪಾದರೂ ನಮ್ಮ ಅಭಿಪ್ರಾಯವನ್ನೇ ಕೇಳುವುದು ವಾಡಿಕೆ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಬಣ್ಣದ ಆಕ್ಸಿಡೀಕರಣ. ಬ್ಲೀಚಿಂಗ್ ಪುಡಿಯ ನೀರು ತಗುಲಿದೆ, ಅನುಮಾನವೇ ಇಲ್ಲ" ಎಂದು ತೀರ್ಪು ಕೊಟ್ಟೆವು. ಬಚ್ಚಲು ತೊಳೆಯಲು ತಂದಿಟ್ಟ ಬ್ಲೀಚಿಂಗ್ ಪುಡಿ ಒಗೆಯುವ ಕಲ್ಲಿನ ಪಕ್ಕದಲ್ಲಿಯೇ ಇದ್ದುದರಿಂದ ನಮ್ಮ ಮಾತಿಗೆ ಸಾಕ್ಷ್ಯವೂ ದೊರೆತಂತಾಯಿತು. ಆ ಹೆಣ್ಣುಮಗಳು ಏನೂ ಹೇಳದೆ ಸೆರಗಿನಿಂದ ಕೈ ಒರೆಸಿಕೊಂಡು ಹೊರಟುಹೋದಳು. ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ನಮಗೆ ಅದು ತಪ್ಪೊಪ್ಪಿಗೆಯಂತೆಯೇ ತೋರಿತು.

ಹೇಳಬೇಕೆಂದರೆ, ನಮ್ಮ ತೀರ್ಪಿನ ಅರ್ಧಭಾಗ ಸರಿಯಾಗಿತ್ತು. ಅದು ಆಕ್ಸಿಡೀಕರಣವೇ ಆಗಿತ್ತು.

ಪರೀಕ್ಷೆಗಳು ಮುಗಿದು ಏಪ್ರಿಲ್ ಬಂದಿತು. ನಮ್ಮ ಮಗಳ ಮದುವೆ ಮೇ ತಿಂಗಳಲ್ಲಿ ನಿಶ್ಚಯವಾಗಿದ್ದುದರಿಂದ ಮನೆಯ ತುಂಬ ಗಡಿಬಿಡಿ. ಆ ಗಡಿಬಿಡಿಯಲ್ಲಿ ತಮ್ಮನ ಮಗಳು ಕೋಣೆ ಬಿಟ್ಟು ಹೊರಗೆ ಬಾರದೆ ಇದ್ದುದನ್ನು ಯಾರೂ ಅಷ್ಟಾಗಿ ಲಕ್ಷಿಸಲಿಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ಹಣೆಗೆ ವಿಭೂತಿ ಹಚ್ಚಲು ಹೋದರೆ ಮುಖ ತಿರುಗಿಸುತ್ತಿದ್ದಳು. "ಈಗಿನ ಹುಡುಗ್ಯಾರಿಗೆ ಈಬತ್ತಿ ಹಚ್ಚಿಕೊಳ್ಳಾಕ ನಾಚಿಕಿ" ಎಂದು ತಾಯಿಯವರು ನೊಂದುಕೊಂಡರು. ಒಂದು ದಿನ ಅವರು ಬಿಡದೆ ಹಚ್ಚಿಯೇಬಿಟ್ಟರು. ಹುಡುಗಿ "ಉರೀತೈತಿ ಆಯಿ" ಎಂದು ಚೀರಿ ಬಚ್ಚಲಿಗೆ ಓಡಿದಳು. ಆಗ ನಾವೆಲ್ಲ ಮೊದಲ ಸಲ ಅವಳ ಮುಖವನ್ನು ಬೆಳಕಿನಲ್ಲಿ ಸರಿಯಾಗಿ ನೋಡಿದೆವು. ಗಲ್ಲ, ಹಣೆ, ಗದ್ದ ಬೆಂದಂತೆ ಕೆಂಪಗಾಗಿ ಹೊಟ್ಟು ಏಳುತ್ತಿದ್ದವು. ಬಾಯಿಯ ಮೂಲೆಗಳು ಬಿರಿದಿದ್ದವು. ಒಂದು ಕಣ್ಣಿನ ರೆಪ್ಪೆ ಊದಿಕೊಂಡಿತ್ತು. ವಿಭೂತಿ ಎಂದರೆ ಕ್ಷಾರಗುಣದ ಒಣ ಬೂದಿ. ಸುಸ್ಥಿತಿಯ ಚರ್ಮಕ್ಕೆ ಅದರಿಂದ ಏನೂ ಆಗದು. ಸುಲಿದ ಚರ್ಮಕ್ಕೆ ತಗುಲಿದರೆ ಉರಿಯದೆ ಇರದು. ಅದು ಅವಳ ಶ್ರದ್ಧೆಯ ಪ್ರಶ್ನೆಯಾಗಿರಲಿಲ್ಲ.

ಕೇಳಿದ ಮೇಲೆ ಎಲ್ಲ ಹೊರಬಂದಿತು. ಪರೀಕ್ಷೆಯ ದಿನಗಳಲ್ಲಿ ಮೊಡವೆ ಹೆಚ್ಚಾಗಿತ್ತಂತೆ. ಅಕ್ಕನ ಮದುವೆಯ ಫೋಟೋಗಳಲ್ಲಿ ಮುಖ ಹೇಗೆ ಕಾಣುವುದೋ ಎಂಬ ಚಿಂತೆಯೂ ಸೇರಿತು. ಔಷಧದ ಅಂಗಡಿಯಲ್ಲಿ ಕೇಳಿದಳು. ಅವರು ಒಂದು ಟ್ಯೂಬು ಕೊಟ್ಟರು. ನಿಧಾನವಾಯಿತೆಂದು ಅದಕ್ಕಿಂತ "ಪವರ್" ಹೆಚ್ಚಿನದನ್ನು ತಂದಳು. ದಿನಕ್ಕೆ ಎರಡು ಸಲ, ಮುಖದ ತುಂಬ, ದಪ್ಪವಾಗಿ. ಅಷ್ಟೂ ಸಾಲದೆಂದು ಗೆಳತಿಯೊಬ್ಬಳು ಹೇಳಿದ ಇನ್ನೊಂದು ರಾತ್ರಿಯ ಮುಲಾಮನ್ನು ಅದರ ಮೇಲೆಯೇ ಹಚ್ಚತೊಡಗಿದಳು. ಉರಿದಷ್ಟೂ ಔಷಧ ಕೆಲಸಮಾಡುತ್ತಿದೆ ಎಂದು ತಿಳಿದಿದ್ದಳು ಪಾಪ.

ನಾವು ಟ್ಯೂಬನ್ನು ಕೈಗೆ ತೆಗೆದುಕೊಂಡು ಕನ್ನಡಕ ಸರಿಪಡಿಸಿಕೊಂಡು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿದೆವು. ಬೆಂಜಾಯಿಲ್ ಪೆರಾಕ್ಸೈಡ್, ಶೇಕಡಾ ೧೦.

ಓದುಗ ಬಂಧುಗಳಿಗೆ ಇದೊಂದು ಹೆಸರು ಮಾತ್ರ. ನಮಗೆ ಹಾಗಲ್ಲ. ವರ್ಷಕ್ಕೆ ಎರಡು ಸಲವಾದರೂ ಈ ಹೆಸರನ್ನು ನಾವು ಕಪ್ಪು ಹಲಗೆಯ ಮೇಲೆ ಬರೆದಿದ್ದೇವೆ. ಎಥಿಲೀನ್ ಅನಿಲದಿಂದ ಪಾಲಿಥೀನ್ ಆಗುವ ಬಗೆಯನ್ನು ವಿವರಿಸುವಾಗ ಕ್ರಿಯೆಯನ್ನು ಆರಂಭಿಸುವ ವಸ್ತುವಾಗಿ ಒಮ್ಮೆ. ಪ್ರೊಪೀನಿಗೆ ಹೈಡ್ರೋಜನ್ ಬ್ರೋಮೈಡ್ ತಲೆಕೆಳಗಾಗಿ ಸೇರುವ ವಿಚಿತ್ರವನ್ನು ಹೇಳುವಾಗ ಇನ್ನೊಮ್ಮೆ. ಹುಡುಗರು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದರು, ನಾವು ಅಂಕ ಕೊಡುತ್ತಿದ್ದೆವು. ಅದೇ ಪದಾರ್ಥ ನಮ್ಮ ಮನೆಯ ಹುಡುಗಿಯ ತಲೆದಿಂಬಿನ ಕೆಳಗೆ ಎರಡು ತಿಂಗಳಿಂದ ಇತ್ತು. ಆ ಕ್ಷಣದಲ್ಲಿಯೇ ನಮಗೆ ಸೀರೆಯ ನೆನಪಾಯಿತು. ಎದ್ದುಹೋಗಿ ಅವಳ ಹಾಸಿಗೆ ನೋಡಿದೆವು. ಹಸಿರು ತಲೆದಿಂಬಿನ ಚೀಲದ ನಡುವೆ ಬಿಳುಪು. ತಾಯಿಯವರೇ ಹೊಲಿದ ಕೌದಿಯ ಒಂದು ಅಂಚಿನಲ್ಲಿ ಬಿಳುಪು. ನೀಲಿ ಟವೆಲ್ಲಿನ ಮೇಲೆ ಕಿತ್ತಳೆ ಛಾಯೆಯ ಮಚ್ಚೆಗಳು. ಕೌದಿಯನ್ನಂತೂ ಚಳಿಗಾಲ ಕಳೆದ ಮೇಲೆ ಯಾರೂ ಒಗೆದಿರಲೇ ಇಲ್ಲ.

ಟ್ರಂಕಿನಿಂದ ಸೀರೆಯನ್ನು ಮತ್ತೆ ತೆಗೆಸಿದೆವು. ಬ್ಲೀಚಿಂಗ್ ಪುಡಿಯ ನೀರು ಸಿಡಿದಿದ್ದರೆ ಹನಿಹನಿಯಾಗಿ ಅಲ್ಲಲ್ಲಿ ಕಲೆಯಾಗಬೇಕಿತ್ತು. ಇಲ್ಲಿ ಕಲೆಯಿದ್ದುದು ತೊಡೆಯ ಮೇಲೆ ಬರುವ ಭಾಗದಲ್ಲಿ ಮಾತ್ರ: ಒಂದು ಗಲ್ಲದಷ್ಟು, ಒಂದು ಹಣೆಯಷ್ಟು. ಇಷ್ಟು ಸ್ಪಷ್ಟವಾಗಿ ಬರೆದಿದ್ದುದನ್ನು ನಾವು ಆ ದಿನ ಓದಲಾರದೆ ಹೋದೆವು. ಬ್ಲೀಚಿಂಗ್ ಪುಡಿ ಎಂದು ಮೊದಲೇ ನಿಶ್ಚಯಿಸಿಕೊಂಡು ಸೀರೆಯನ್ನು ನೋಡಿದ್ದೆವಲ್ಲ!

ಮೊದಲು ಹುಡುಗಿಯನ್ನು ಚರ್ಮರೋಗದ ವೈದ್ಯರಲ್ಲಿಗೆ ಕರೆದೊಯ್ದೆವು. ಆ ವೈದ್ಯೆ ನಿಧಾನದವರು; ಪ್ರತಿಯೊಂದು ಟ್ಯೂಬನ್ನೂ ಮೇಜಿನ ಮೇಲೆ ಇಡಿಸಿ, ಯಾವುದನ್ನು ಯಾವಾಗ ಎಷ್ಟು ಹಚ್ಚಿದೆ ಎಂದು ಹುಡುಗಿಯ ಬಾಯಿಂದಲೇ ಕೇಳಿ ತಿಳಿದರು. ನಾವು ನಡುವೆ ಬಾಯಿಹಾಕಲು ಹೋದಾಗ, "ಅವಳೇ ಹೇಳಲಿ" ಎಂದರು. ಅವರಿಗೆ ಇದ್ದ ಮೊದಲ ಚಿಂತೆ ರೆಪ್ಪೆಯ ಊತದ್ದು. ಉಸಿರಾಟಕ್ಕೆ ತೊಂದರೆಯಾಯಿತೇ, ಗಂಟಲು ಬಿಗಿಯಿತೇ, ಮೈಮೇಲೆ ದದ್ದು ಎದ್ದವೇ, ತಲೆ ತಿರುಗಿತೇ ಎಂದು ಒಂದೊಂದಾಗಿ ವಿಚಾರಿಸಿದರು. ಯಾವುದೂ ಆಗಿರಲಿಲ್ಲ.

ಆ ಪ್ರಶ್ನೆಗಳ ಹಿನ್ನೆಲೆಯನ್ನು ಅವರು ನಮಗೆ ಆಮೇಲೆ ತಿಳಿಸಿದರು. ೨೦೧೪ರ ಜೂನ್ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬೆಂಜಾಯಿಲ್ ಪೆರಾಕ್ಸೈಡ್ ಅಥವಾ ಸ್ಯಾಲಿಸಿಲಿಕ್ ಆಮ್ಲವಿರುವ ಮೊಡವೆಯ ಲೇಪನಗಳ ಬಗ್ಗೆ ಎಚ್ಚರಿಕೆಯೊಂದನ್ನು ಹೊರಡಿಸಿತ್ತು. ಅಪರೂಪವಾಗಿ ಕೆಲವರಿಗೆ ಅವುಗಳಿಂದ ಜೀವಕ್ಕೆ ಅಪಾಯ ತರುವಂಥ ಒಗ್ಗದಿರುವಿಕೆ ಉಂಟಾದೀತು. ಆದುದರಿಂದ ಮೊದಲ ಸಲ ಬಳಸುವವರು ಮೂರು ದಿನ ಒಂದೆರಡು ಸಣ್ಣ ಜಾಗಗಳಿಗೆ ಮಾತ್ರ ಹಚ್ಚಿ ನೋಡಬೇಕು ಎಂಬುದು ಅದರ ಸಾರ. ೧೯೬೯ರಿಂದ ೨೦೧೩ರವರೆಗಿನ ಅಷ್ಟೂ ಅವಧಿಯಲ್ಲಿ ಅವರಿಗೆ ಬಂದ ಅಂಥ ದೂರುಗಳು ೧೩೧. ಕೋಟ್ಯಂತರ ಜನ ಬಳಸುವ ಪದಾರ್ಥಕ್ಕೆ ಈ ಸಂಖ್ಯೆ ಅಲ್ಪವೇ. ಆದರೂ ಆ ಅಲ್ಪದಲ್ಲಿ ತನ್ನ ಮುಂದೆ ಕುಳಿತವರು ಒಬ್ಬರಿರಬಹುದೇ ಎಂದು ನೋಡುವುದು ವೈದ್ಯರ ಧರ್ಮ. ನಮ್ಮ ಹುಡುಗಿಯದು ಅದಾಗಿರಲಿಲ್ಲ. ಮಿತಿಮೀರಿ ಹಚ್ಚಿದ್ದರಿಂದಾದ ಸುಡುವಿಕೆ ಎಂದು ನಿರ್ಣಯವಾಯಿತು. ರೆಪ್ಪೆಯ ಚರ್ಮ ಅತಿ ತೆಳುವಾದುದರಿಂದ ಅದು ಮೊದಲು ಊದಿತ್ತು.

ಎರಡು ವಾರ ಎಲ್ಲ ಮುಲಾಮುಗಳನ್ನೂ ನಿಲ್ಲಿಸಿದರು. ತಣ್ಣೀರು, ಸುವಾಸನೆಯಿಲ್ಲದ ಸಾದಾ ಜಿಡ್ಡಿನ ಲೇಪ, ಬಿಸಿಲಿಗೆ ಹೋಗುವಾಗ ಕೊಡೆ. ವಿಭೂತಿಯ ವಿಷಯವನ್ನು ನಾವೇ ಸಂಕೋಚದಿಂದ ಕೇಳಿದೆವು. ಚರ್ಮ ಕೂಡುವವರೆಗೆ ಮುಖದ ಮೇಲೆ ಏನೂ ಬೇಡವೆಂದರು. ಮನೆಗೆ ಬಂದು ಇದನ್ನು ತಿಳಿಸಿದಾಗ ತಾಯಿಯವರು ಮೊಮ್ಮಗಳ ಕೈಗಳನ್ನು ಹಿಡಿದು ಮಣಿಕಟ್ಟಿನ ಮೇಲೆ ವಿಭೂತಿ ಹಚ್ಚಿದರು. ಆ ಇಬ್ಬರ ನಡುವಿನ ಮುನಿಸು ಅಂದೇ ತೀರಿತು.

ಈ ಪದಾರ್ಥದ ಸ್ವಭಾವವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಜಾಯಿಲ್ ಪೆರಾಕ್ಸೈಡಿನ ಅಣುವಿನಲ್ಲಿ ಎರಡು ಸಮನಾದ ಅರ್ಧಗಳಿವೆ. ಅವುಗಳನ್ನು ಕೂಡಿಸಿರುವುದು ಆಕ್ಸಿಜನ್‌ಗೆ ಆಕ್ಸಿಜನ್ ಕೈಹಿಡಿದ ಒಂದು ಬಂಧ. ಆಕ್ಸಿಜನ್ ಪರಮಾಣುಗಳಿಗೆ ಹೀಗೆ ಒಂದನ್ನೊಂದು ಹಿಡಿದುಕೊಳ್ಳುವುದು ಹಿತವಲ್ಲ. ಸ್ವಲ್ಪ ಶಾಖ ತಗುಲಿದರೂ ಸಾಕು, ಆ ಕೊಂಡಿ ನಡುವೆ ಕಳಚಿ, ಜೊತೆಗಾರನಿಲ್ಲದ ಒಂಟಿ ಎಲೆಕ್ಟ್ರಾನನ್ನು ಹೊತ್ತ ಎರಡು ತುಂಡುಗಳು ಹುಟ್ಟುತ್ತವೆ. ಇವು ಸಿಕ್ಕಿದ್ದನ್ನೆಲ್ಲ ಹಿಡಿಯಲು ಹವಣಿಸುತ್ತವೆ. ಬಟ್ಟೆಯ ಬಣ್ಣ ಸಿಕ್ಕರೆ ಬಣ್ಣವನ್ನು ಒಡೆಯುತ್ತವೆ; ಸೂಕ್ಷ್ಮಾಣು ಸಿಕ್ಕರೆ ಅದನ್ನು ಕೊಲ್ಲುತ್ತವೆ. ಶುದ್ಧ ಒಣ ರೂಪದಲ್ಲಿ ಈ ಪುಡಿ ಸ್ಫೋಟಕ. ಆದುದರಿಂದ ಕಾರ್ಖಾನೆಗಳಿಗೆ ಅದನ್ನು ನೀರು ಬೆರೆಸಿ ತೇವವಾಗಿಯೇ ಸಾಗಿಸುವ ಪದ್ಧತಿ. ಹಲ್ಲಿನ ಸೆಟ್ಟು ಮಾಡುವ ಅಕ್ರಿಲಿಕ್ ಪುಡಿಯಲ್ಲಿ ಇದು ಕೊಂಚ ಇರುತ್ತದೆ. ಗ್ಯಾರೇಜುಗಳಲ್ಲಿ ಕಾರಿನ ತಗ್ಗು ತುಂಬುವ ಪುಟ್ಟಿಗೆ ಬೆರೆಸುವ ಗಟ್ಟಿಗೊಳಿಸುವ ಪೇಸ್ಟಿನಲ್ಲಿಯೂ ಇರುವುದು ಇದೇ. ಅಮೆರಿಕದಲ್ಲಿ ಗೋದಿಹಿಟ್ಟನ್ನು ಬೆಳ್ಳಗಾಗಿಸಲು ಸಹ ಬಳಸಿದ್ದಾರೆ.

ಇಷ್ಟು ಓದಿದ ತಾಯಂದಿರು ಹೆದರಿ, "ಇಂಥದನ್ನು ಮಕ್ಕಳ ಮುಖಕ್ಕೆ ಹಚ್ಚುವುದೇ?" ಎಂದು ಕೇಳಿಯಾರು. ನಮ್ಮ ತಮ್ಮನ ಹೆಂಡತಿಯೂ ಹಾಗೆಯೇ ಕೇಳಿ ಟ್ಯೂಬನ್ನು ತಿಪ್ಪೆಗೆ ಎಸೆಯಲು ಹೊರಟಿದ್ದರು. ಆದರೆ ವೈದ್ಯೆ ಹೇಳಿದ್ದು ಬೇರೆ. ಮೊಡವೆಯಲ್ಲಿ ಬೆಳೆಯುವ ಸೂಕ್ಷ್ಮಾಣು ಎಣ್ಣೆಗ್ರಂಥಿಯ ರಂಧ್ರದೊಳಗೆ, ಗಾಳಿಯಾಡದ ಕಡೆ ಸುಖವಾಗಿರುವಂಥದು. ಅಲ್ಲಿಗೆ ಆಕ್ಸಿಜನ್ನಿನ ಈ ಉಗ್ರ ತುಂಡುಗಳು ಹೋದರೆ ಅದು ಉಳಿಯದು. ಜೀವಿರೋಧಕ ಔಷಧಗಳಿಗೆ ಈ ಸೂಕ್ಷ್ಮಾಣು ಕಾಲಕ್ರಮದಲ್ಲಿ ಒಗ್ಗಿಹೋಗುತ್ತದೆ, ಔಷಧ ನಾಟದಾಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡಿಗೆ ಮಾತ್ರ ಅದು ಹಾಗೆ ಒಗ್ಗಿಕೊಂಡದ್ದು ಕಂಡುಬಂದಿಲ್ಲ. ಆದುದರಿಂದಲೇ ಕ್ಲಿಂಡಮೈಸಿನ್ ಮುಂತಾದವನ್ನು ಹಚ್ಚಲು ಕೊಡುವಾಗ ಜೊತೆಗೆ ಇದನ್ನೂ ಕೊಡುತ್ತಾರೆ. ತನ್ನ ಕೆಲಸ ಮುಗಿಸಿದ ಮೇಲೆ ಇದು ಚರ್ಮದಲ್ಲಿ ಬೆಂಜೋಯಿಕ್ ಆಮ್ಲವಾಗಿ ಮಾರ್ಪಡುತ್ತದೆ. ಅದರಲ್ಲಿ ಸ್ವಲ್ಪ ಭಾಗ ರಕ್ತಕ್ಕೆ ಸೇರಿದರೂ ಮೂತ್ರದ ಮೂಲಕ ಹೊರಹೋಗುತ್ತದೆ. ಸೀಸೆಯ ಶರಬತ್ತು ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಇದೇ ಆಮ್ಲದ ಲವಣ. ಹೀಗಿರಲು, ಪದಾರ್ಥವನ್ನೇ ದೂರುವುದರಲ್ಲಿ ಅರ್ಥವಿಲ್ಲ.

ತಪ್ಪಿದ್ದುದು ಪ್ರಮಾಣದಲ್ಲಿ. ಶೇಕಡಾ ೨.೫ರ ಲೇಪನವೂ ಶೇಕಡಾ ೧೦ರ ಲೇಪನವೂ ಮೊಡವೆಯ ಮೇಲೆ ಹೆಚ್ಚುಕಡಿಮೆ ಒಂದೇ ಗುಣ ತೋರುತ್ತವೆ ಎಂಬುದು ೧೯೮೦ರ ದಶಕದಲ್ಲಿಯೇ ತಿಳಿದ ಸಂಗತಿ. ಹೆಚ್ಚುವುದು ಉರಿ ಮತ್ತು ಒಣಗುವಿಕೆ ಮಾತ್ರ. ನಮ್ಮ ಮೈಬಣ್ಣದವರಿಗೆ ಇನ್ನೊಂದು ಕಷ್ಟವಿದೆ: ಚರ್ಮ ಎಲ್ಲಿ ಕೆರಳಿ ಕೆಂಪಾಗುವುದೋ ಅಲ್ಲಿ ಮುಂದೆ ಕಪ್ಪು ಮಚ್ಚೆ ಉಳಿಯುತ್ತದೆ, ಅದು ತಿಂಗಳುಗಟ್ಟಲೆ ಹೋಗದು. ಮೊಡವೆಯ ಕಲೆ ಹೋಗಲೆಂದು ಹಚ್ಚಿದ್ದು ತಾನೇ ಕಲೆಯಾಗುವುದು ಹೀಗೆ. ಅವಳು ರಾತ್ರಿ ಹಚ್ಚುತ್ತಿದ್ದ ಎರಡನೆಯ ಮುಲಾಮು ಟ್ರೆಟಿನಾಯಿನ್. ಹಳೆಯ ಮಾದರಿಯ ಟ್ರೆಟಿನಾಯಿನ್‌ನ ಮೇಲೆ ಬೆಂಜಾಯಿಲ್ ಪೆರಾಕ್ಸೈಡ್ ಬಿದ್ದರೆ, ಅದರಲ್ಲಿಯೂ ಬೆಳಕು ಸೇರಿದರೆ, ಮೊದಲಿನದು ಕೆಟ್ಟುಹೋಗುತ್ತದೆ. ಅಂದರೆ ಎರಡೂ ಔಷಧಗಳ ಉರಿ ಅವಳಿಗೆ, ಒಂದರ ಗುಣ ಗಾಳಿಗೆ. ಅಡಪಲಿನ್ ಎಂಬ ಅದೇ ವರ್ಗದ ಔಷಧ ಮಾತ್ರ ಪೆರಾಕ್ಸೈಡಿನ ಜೊತೆ ಸ್ಥಿರವಾಗಿ ನಿಲ್ಲುತ್ತದೆ. ಇವೆರಡನ್ನೂ ಒಂದೇ ಟ್ಯೂಬಿನಲ್ಲಿ ಕೂಡಿಸಿದ ಲೇಪನಕ್ಕೆ ಅಮೆರಿಕದಲ್ಲಿ ೨೦೦೮ರಲ್ಲಿ ಒಪ್ಪಿಗೆ ದೊರೆಯಿತು.

ಇಲ್ಲಿ ಒಂದು ಮಾತು ಬದಿಗಿಟ್ಟು ಹೇಳಬೇಕಾಗಿದೆ. ವೈದ್ಯೆಯ ಮೇಜಿನ ಮೇಲೆ ನಮ್ಮ ಹುಡುಗಿಯ ಟ್ಯೂಬುಗಳಿಗಿಂತ ಹೆಚ್ಚು ಅವರನ್ನು ಕಳವಳಗೊಳಿಸುವ ಟ್ಯೂಬೊಂದು ದಿನವೂ ಬರುತ್ತದಂತೆ. ಅದು ಮುಖ ಬೆಳ್ಳಗಾಗಲೆಂದು ನೆರೆಹೊರೆಯವರು ಒಬ್ಬರಿಗೊಬ್ಬರು ಹೇಳಿ ಹಚ್ಚಿಕೊಳ್ಳುವ ಸ್ಟೀರಾಯ್ಡ್ ಬೆರೆತ ಮುಲಾಮು. ಮೊದಲ ವಾರ ಮುಖ ನುಣುಪಾಗಿ ಹೊಳೆಯುತ್ತದೆ. ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆಗಳು ಏಳುತ್ತವೆ. ಬಿಟ್ಟರೆ ಇನ್ನೂ ಕೆರಳುತ್ತದೆ. ಕೇಂದ್ರ ಸರ್ಕಾರವು ೨೦೧೮ರಲ್ಲಿ ೧೪ ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳೆಷ್ಟು ಎಂಬುದನ್ನು ಓದುಗರೇ ಬಲ್ಲರು. ಮದುವೆಯ ಮಾತುಕತೆಗೆ ಮುಂಚೆ ಹೆಣ್ಣುಮಕ್ಕಳ ಮುಖವನ್ನು ಬೆಳ್ಳಗೆ ಮಾಡಹೊರಡುವ ನಮ್ಮ ಮನೆಗಳ ಹಿರಿಯರೂ ಇದರಲ್ಲಿ ಪಾಲುದಾರರು. ಇದನ್ನು ಬರೆಯುವಾಗ ನಮ್ಮ ಮನೆಯನ್ನು ಹೊರಗಿಟ್ಟು ಬರೆಯುತ್ತಿಲ್ಲ.

ಇನ್ನು ಮರಳಿ ನಮ್ಮ ಪ್ರಸಂಗಕ್ಕೆ. ವೈದ್ಯರಲ್ಲಿಂದ ಬಂದ ಮರುದಿನ ಬೆಳಿಗ್ಗೆ ನಾವೂ ನಮ್ಮ ತಮ್ಮನೂ ಬಟ್ಟೆ ಒಗೆಯುವ ಆ ಹೆಣ್ಣುಮಗಳ ಮನೆಗೆ ಹೋದೆವು. ಇಪ್ಪತ್ತು ವರ್ಷಗಳಲ್ಲಿ ಆಕೆಯ ಮನೆಯ ಬಾಗಿಲನ್ನು ನಾವು ನೋಡಿದ್ದು ಅದೇ ಮೊದಲು. ಸುದ್ದಿ ತಿಳಿಸಿ ಕೈಮುಗಿದೆವು. ಆಕೆ ಒಳಗಿನಿಂದ ಎರಡು ಲೋಟ ನೀರು ತಂದಿಟ್ಟು, "ನಾ ಸುಳ್ಳ ಹೇಳಿಲ್ಲಂತ ಅವ್ವಾರಿಗೆ ಗೊತ್ತಾತೇನ್ರಿ?" ಎಂದು ಕೇಳಿದಳು. ಗೊತ್ತಾಯಿತು ಎಂದೆವು. "ಹಂಗಾದ್ರ ಸಾಕ್ರಿ" ಎಂದಳು. ಆದರೆ ಕೆಲಸಕ್ಕೆ ಬರುವ ಮಾತು ಆಡಲಿಲ್ಲ. ಆ ಎರಡು ತಿಂಗಳಲ್ಲಿ ಬೇರೆ ಎರಡು ಮನೆಗಳನ್ನು ಹಿಡಿದಿದ್ದಳು. ನಮ್ಮ ಮನೆಯಲ್ಲಿ ಸೀರೆ ಕೆಡಿಸಿದಳೆಂಬ ಮಾತು ಓಣಿಯಲ್ಲಿ ಹಬ್ಬಿ ಮೂರನೆಯದೊಂದು ಮನೆ ಕೈತಪ್ಪಿತ್ತು ಎಂಬುದು ಅಲ್ಲಿಯೇ ನಮಗೆ ತಿಳಿಯಿತು. ಆ ಮನೆಯವರ ಬಳಿಗೆ ನಾವೇ ಹೋಗಿ ನಡೆದುದನ್ನು ಹೇಳಿ ಬಂದೆವು. ಅವರು ನಕ್ಕು, "ಈಗ ಬ್ಯಾರೇದಾಕಿನ್ನ ಇಟ್ಟೇವ್ರಿ" ಎಂದರು.

ಮದುವೆಯ ಹೊತ್ತಿಗೆ ಹುಡುಗಿಯ ಮುಖದ ಕೆಂಪು ಇಳಿದಿತ್ತು, ಮಚ್ಚೆಗಳು ಇನ್ನೂ ಇದ್ದವು. ಅವಳು ಅಕ್ಕನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಳು. ಆದರೆ ನಮ್ಮ ರಸಾಯನಶಾಸ್ತ್ರದ ಪಾಠ ಅಲ್ಲಿಗೆ ಮುಗಿಯಲಿಲ್ಲ. ಮದುವೆಯ ಬೀಗರನ್ನು ಬಿಟ್ಟುಬರಲು ಕಾರು ತೆಗೆದಾಗ ಮುಂಭಾಗದ ಪೆಟ್ಟಿಗೆಯಲ್ಲಿ ಅದೇ ಮುಲಾಮಿನ ಒಡೆಯದ ಎರಡು ಟ್ಯೂಬುಗಳು ಸಿಕ್ಕವು. ನಾಲ್ಕು ಕೊಂಡರೆ ಬೆಲೆ ಕಡಿಮೆಯೆಂದು ಹುಡುಗಿಯೇ ತರಿಸಿಟ್ಟಿದ್ದಳು. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲು ಎಂಥದೆಂಬುದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊರಗೆ ೪೨ ಡಿಗ್ರಿ ಇದ್ದರೆ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ೬೦ ದಾಟುತ್ತದೆ. ಒಂದು ಟ್ಯೂಬು ಉಬ್ಬಿದಂತಿತ್ತು. ಒಳಗಿನ ಗಾಳಿ ಹಿಗ್ಗಿದ್ದರಿಂದಲೋ ವಿಭಜನೆಯ ಅನಿಲದಿಂದಲೋ ನೋಡಿ ಹೇಳಲಾಗದು.

ಇದು ನಮ್ಮನ್ನು ಕಳವಳಕ್ಕೆ ಈಡುಮಾಡಿದ್ದಕ್ಕೆ ಕಾರಣವಿದೆ. ಮೇಲೆ ಹೇಳಿದ ಒಂಟಿ ತುಂಡುಗಳಿಗೆ ಹಿಡಿಯಲು ಬೇರೇನೂ ಸಿಗದಿದ್ದರೆ ಅವು ಇಂಗಾಲದ ಡೈ ಆಕ್ಸೈಡನ್ನು ಕಳೆದುಕೊಂಡು ಕಡೆಗೆ ಬೆಂಜೀನ್ ಆಗಬಲ್ಲವು. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂಬುದು ನಿಸ್ಸಂದೇಹ. ೨೦೨೪ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ವ್ಯಾಲಿಶ್ಯೂರ್ ಎಂಬ ಖಾಸಗಿ ಪ್ರಯೋಗಾಲಯವು ಇಂಥ ೬೬ ಲೇಪನಗಳನ್ನು ೫೦ ಡಿಗ್ರಿ ಶಾಖದಲ್ಲಿ ೧೮ ದಿನ ಇಟ್ಟು ಪರೀಕ್ಷಿಸಿ, ಕೆಲವುಗಳಲ್ಲಿ ಬೆಂಜೀನ್ ಪ್ರಮಾಣ ದಶಲಕ್ಷಕ್ಕೆ ೨ ಭಾಗ ಎಂಬ ಮಿತಿಯ ೮೦೦ ಪಟ್ಟು ಮೀರಿತೆಂದು ಸರ್ಕಾರಕ್ಕೆ ಅರ್ಜಿ ಸಲ್ಲಿಸಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಔಷಧವನ್ನು ಯಾರೂ ವಾರಗಟ್ಟಲೆ ಅಷ್ಟು ಶಾಖದಲ್ಲಿ ಇಡುವುದಿಲ್ಲ, ಪರೀಕ್ಷೆಯೇ ಅತಿಯಾಯಿತು ಎಂದು ಆಕ್ಷೇಪಿಸಿದವರೂ ಇದ್ದರು. ಮುಂದೆ ಆಹಾರ ಮತ್ತು ಔಷಧ ಆಡಳಿತವೇ ೯೫ ಲೇಪನಗಳನ್ನು ಪರೀಕ್ಷೆಗೆ ಒಳಪಡಿಸಿ ೨೦೨೫ರ ಮಾರ್ಚ್ ೧೧ರಂದು ಫಲಿತಾಂಶ ಪ್ರಕಟಿಸಿತು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಬೆಂಜೀನ್ ಕಂಡೇ ಇರಲಿಲ್ಲ ಅಥವಾ ಅತ್ಯಲ್ಪವಿತ್ತು. ಕೆಲವೇ ಲೇಪನಗಳನ್ನು ತಯಾರಕರು ಅಂಗಡಿಗಳಿಂದ ಹಿಂದಕ್ಕೆ ಪಡೆದರು. ಅವುಗಳನ್ನು ದಶಕಗಳ ಕಾಲ ದಿನವೂ ಬಳಸಿದವರಿಗೂ ಅಪಾಯ ಬಹಳ ಕಡಿಮೆ ಎಂದು ಆಡಳಿತ ತಿಳಿಸಿತು. ಹಿಂದೆಯೂ ಒಮ್ಮೆ ಹೀಗೆ ಆಗಿತ್ತು: ಇಲಿಗಳ ಮೇಲಿನ ಪ್ರಯೋಗಗಳಿಂದ ಹುಟ್ಟಿದ ಸಂದೇಹದಿಂದ ೧೯೯೧ರಲ್ಲಿ ಇದನ್ನು ಇನ್ನೂ ಪುರಾವೆ ಬೇಕಾದ ವಸ್ತುಗಳ ವರ್ಗಕ್ಕೆ ಇಳಿಸಿ, ಅಧ್ಯಯನಗಳನ್ನೆಲ್ಲ ನೋಡಿದ ಮೇಲೆ ೨೦೧೦ರಲ್ಲಿ ಸುರಕ್ಷಿತವೆಂದು ಮತ್ತೆ ಅಂಗೀಕರಿಸಿದರು.

ಆದರೂ ನಮ್ಮ ಸಂದೇಹ ಉಳಿದೇ ಇದೆ. ಅಲ್ಲಿಯ ಆಕ್ಷೇಪಕರು ಯಾರೂ ಇಡುವುದಿಲ್ಲ ಎಂದ ಶಾಖದಲ್ಲಿಯೇ ನಮ್ಮ ಮನೆಯಲ್ಲಿ ಟ್ಯೂಬು ಇತ್ತಲ್ಲ! ತಗಡಿನ ಮಾಡಿನ ಅಂಗಡಿಗಳಲ್ಲಿ, ಬಿಸಿಲಿಗೆ ನಿಂತ ಸಾಗಣೆಯ ಗಾಡಿಗಳಲ್ಲಿ ನಮ್ಮ ಸೀಮೆಯ ಔಷಧಗಳು ಎಷ್ಟು ಕಾಯುತ್ತವೆಯೋ ಯಾರು ನೋಡಿದ್ದಾರೆ? ಕಾರಿನ ಎರಡು ಟ್ಯೂಬುಗಳನ್ನೂ ನಾವು ಬಳಸಗೊಡಲಿಲ್ಲ. ಇದರಲ್ಲಿ ಹೆದರಿಕೆಗಿಂತ ಹೆಚ್ಚಾಗಿ, ಮುರಿದುಹೋದ ಔಷಧದಲ್ಲಿ ಗುಣವೂ ಉಳಿದಿರದು ಎಂಬ ಲೆಕ್ಕವಿತ್ತು. ಈಗ ಒಂದೇ ಒಂದು ಸಣ್ಣ ಟ್ಯೂಬು, ಹೊಸದಾಗಿ ತಯಾರಾದದ್ದನ್ನು ದಿನಾಂಕ ನೋಡಿ ತಂದು, ಬಿಸಿಲು ಬೀಳದ ತಣ್ಣನೆಯ ಕೋಣೆಯ ಗೋಡೆಗೂಡಿನಲ್ಲಿ ಇಡುತ್ತೇವೆ. ತೆರೆದ ದಿನವನ್ನು ಅದರ ಮೇಲೆ ಪೆನ್ನಿನಿಂದ ಬರೆಯುತ್ತೇವೆ. ಬೇಸಿಗೆಯಲ್ಲಿ ಅದಕ್ಕೆ ಫ್ರಿಜ್ಜಿನ ಬಾಗಿಲಿನಲ್ಲಿ ಜಾಗ. ತಂಪಿನಲ್ಲಿ ಈ ವಿಭಜನೆ ಅತಿ ನಿಧಾನ. ಮಜ್ಜಿಗೆಯ ಪಾತ್ರೆಯ ಪಕ್ಕದಲ್ಲಿ ಔಷಧವೇ ಎಂದು ತಾಯಿಯವರು ಗೊಣಗಿದ್ದರಿಂದ ಒಂದು ಮುಚ್ಚಳದ ಡಬ್ಬಿಯೊಳಗೆ.

ಜೂನ್ ತಿಂಗಳಿನಿಂದ ವೈದ್ಯೆಯ ಹೇಳಿಕೆಯಂತೆ ಶೇಕಡಾ ೨.೫ರ ಲೇಪನ ಮತ್ತೆ ಆರಂಭವಾಯಿತು. ಮೊದಲ ಮೂರು ದಿನ ಕಿವಿಯ ಕೆಳಗೆ ಮಾತ್ರ. ಆಮೇಲೆ ದಿನ ಬಿಟ್ಟು ದಿನ, ಮುಖ ತೊಳೆದು ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು, ಕೆಲ ನಿಮಿಷ ಬಿಟ್ಟು ತೊಳೆಯುವುದು. ಚರ್ಮ ಒಪ್ಪಿದ ಹಾಗೆ ಹೊತ್ತು ಹೆಚ್ಚಿಸುವುದು. ಕಣ್ಣು, ತುಟಿ, ಮೂಗಿನ ಅಂಚಿಗೆ ಬೇಡ. ಎಂಟರಿಂದ ಹನ್ನೆರಡು ವಾರ ಕಾಯಬೇಕೆಂದು ಮೊದಲೇ ಹೇಳಿಬಿಟ್ಟಿದ್ದರಿಂದ ಹುಡುಗಿಯೂ ಆತುರಪಡಲಿಲ್ಲ. ಮೊದಲ ಸಲವೇ ಯಾರಾದರೂ ಈ ಒಂದು ಮಾತನ್ನು ಹೇಳಿದ್ದರೆ ಅವಳು ಶೇಕಡಾ ೧೦ಕ್ಕೆ ಹೋಗುತ್ತಿರಲಿಲ್ಲ. ಆಗಸ್ಟಿನ ಹೊತ್ತಿಗೆ ಹೊಸ ಮೊಡವೆ ಏಳುವುದು ಬಹಳಷ್ಟು ಕಡಿಮೆಯಾಯಿತು. ಮಚ್ಚೆಗಳು ಮಾಸುತ್ತಿವೆ. ಅವಳ ತಲೆದಿಂಬಿನ ಚೀಲ, ಟವೆಲ್ಲು ಎಲ್ಲವೂ ಈಗ ಬಿಳಿಯವು, ಅವುಗಳನ್ನು ಅವಳೇ ಒಗೆಯುತ್ತಾಳೆ.

ಆ ಹೆಣ್ಣುಮಗಳು ಶ್ರಾವಣದ ಹೊತ್ತಿಗೆ ಮರಳಿ ಬಂದಳು. ವಾರಕ್ಕೆ ಆರು ದಿನವಲ್ಲ, ಮೂರು ದಿನ. ಸಂಬಳ ಹಿಂದಿನಷ್ಟೇ ಎಂದು ಆಕೆಯೇ ಹೇಳಿದಳು, ನಾವು ಒಪ್ಪಿದೆವು. ಸೀರೆಗೆ ಬಣ್ಣ ಹಾಕಿಸಬಹುದೇ ಎಂದು ಇಳಕಲ್ಲಿನ ಪರಿಚಿತ ನೇಕಾರರೊಬ್ಬರಲ್ಲಿ ವಿಚಾರಿಸಿದ್ದೆವು. ಇಡೀ ಸೀರೆಯನ್ನು ಅದ್ದಬೇಕಾಗುವುದು, ದಡಿಯೂ ಸೆರಗೂ ಕೆಡುವುವು ಎಂದು ಅವರು ತಿಳಿಸಿದರು. ತಾಯಿಯವರು ಅದು ಇದ್ದ ಹಾಗೆಯೇ ಇರಲಿ ಎಂದರು. ಶ್ರಾವಣದ ಕಡೆಯ ಸೋಮವಾರ ಅದನ್ನೇ ಉಟ್ಟು, ನಿರಿಗೆಯಲ್ಲಿ ಕಲೆ ಮುಚ್ಚಿಕೊಳ್ಳುವಂತೆ ಸರಿಮಾಡಿಕೊಂಡು ಪಡಸಾಲೆಯಲ್ಲಿ ಕುಳಿತರು. ಹುಡುಗಿ ಒಳಗಿನಿಂದ ಬಿಳಿಯ ಪಂಚೆಯೊಂದನ್ನು ತಂದು ಅವರ ತೊಡೆಯ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದಳು, ಆಮೇಲೆ ಅದರ ಮೇಲೆ ತಲೆಯಿಟ್ಟಳು.